ದೊಡ್ಡ ಸಂಸಾರದ ಅಮ್ಮ

ಪರೀಕ್ಷಾಲಯದಲ್ಲಿ ಅವಳನ್ನು ಎಲ್ಲರೂ ಖರೀದಿ ಅಕ್ಕ ಎನ್ನುತ್ತಿದ್ದರು. ಸೇರಿದ್ದೇನೋ ಗಾಜಿನ ಸಾಮಾನು ತೊಳೆಯುವ ಕೆಲಸಕ್ಕೆ. ಬಾಟಲಿ, ನಳಿಗೆ, ಮುಚ್ಚಳದ ತಟ್ಟೆಗಳನ್ನು ಸೋಪುನೀರಿನಲ್ಲಿ ನೆನೆಸಿ, ಉಜ್ಜಿ, ಜಾಲಿಸಿ, ಒಣಗಿಸಿ, ಕಾಗದ ಸುತ್ತಿ ಬಿಸಿ ಪೆಟ್ಟಿಗೆಯೊಳಗೆ ಇಡುವುದು. ವರ್ಷಗಟ್ಟಲೆ ಅದೇ. ಹಿಂದಿನ ಬಾಗಿಲಿಂದ ಬಂದು ಹಿಂದಿನ ಬಾಗಿಲಿಂದಲೇ ಹೋಗುತ್ತಿದ್ದಳು. ಮುಂದಿನ ಬಾಗಿಲಿನ ಕಾವಲುಗಾರನಿಗೆ ಅವಳ ಮುಖದ ಗುರುತೇ ಇರಲಿಲ್ಲ.

ಆಮೇಲೆ ಮಾಂಸದ ಸಮೀಕ್ಷೆ ಬಂತು. ಊರಿನ ಅಂಗಡಿಗಳಲ್ಲಿ ಮಾರುವ ಕೋಳಿ, ಕುರಿ, ಮೀನು, ಸೀಗಡಿಗಳಲ್ಲಿ ಮದ್ದಿಗೆ ಜಗ್ಗದ ರೋಗಾಣುಗಳು ಎಷ್ಟಿವೆ, ವರ್ಷದಿಂದ ವರ್ಷಕ್ಕೆ ಏರುತ್ತಿವೆಯೋ ಇಳಿಯುತ್ತಿವೆಯೋ ಎಂದು ನೋಡುವ ಕೆಲಸ. ಕೋಳಿ ಬೇಗ ಬಲಿಯಲಿ, ರೋಗ ಬಾರದಿರಲಿ ಅಂತ ಸಾಕುವವರು ಕೆಲವರು ಮೇವಿನಲ್ಲೇ ಆಂಟಿಬಯೋಟಿಕ್ ಬೆರೆಸುತ್ತಾರೆ. ಸಾಯುವ ರೋಗಾಣು ಸಾಯುತ್ತದೆ, ಗಟ್ಟಿಪಿಂಡಗಳು ಉಳಿಯುತ್ತವೆ. ಉಳಿದದ್ದು ಮಾಂಸದ ಜೊತೆಗೇ ಅಂಗಡಿಗೆ ಬಂದು, ಅಂಗಡಿಯಿಂದ ಅಡುಗೆಮನೆ ಸೇರುತ್ತದೆ. ಚೆನ್ನಾಗಿ ಬೇಯಿಸಿದರೆ ಅವೂ ಸಾಯುತ್ತವೆ. ತೊಂದರೆ ಇರುವುದು ಹಸಿಯಲ್ಲಿ, ಚಾಕುವಿನ ಮೇಲೆ, ಕೊಚ್ಚುವ ಮಣೆಯ ಮೇಲೆ.

ಸಮೀಕ್ಷೆ ಯಾರನ್ನೂ ಹಿಡಿದು ದಂಡ ಹಾಕುವುದಕ್ಕಲ್ಲ. ಅದಕ್ಕೇ ಅಂಗಡಿಗಳಿಗೆ ಹೆಸರಿರಲಿಲ್ಲ, ನಂಬರು ಮಾತ್ರ. ಅಂಗಡಿಯವರಿಗೆ ಸುಳಿವೂ ಸಿಗಬಾರದು. ಸಿಕ್ಕರೆ ಆರಿಸಿ ಒಳ್ಳೆಯದನ್ನೇ ಕೊಡುತ್ತಾರೆ, ಕೆಲಸವೆಲ್ಲ ಕೆಟ್ಟು ಕೆರ ಹಿಡಿಯುತ್ತದೆ.

ಮೊದಲು ಹೊಸದಾಗಿ ಸೇರಿದ್ದ ಇಬ್ಬರು ವಿಶ್ಲೇಷಕರನ್ನು ಕೊಳ್ಳಲು ಕಳಿಸಿದರು. ಒಬ್ಬ ಮೀನಂಗಡಿಗೆ ಹೋಗಿ, ಅಭ್ಯಾಸಬಲದಿಂದ, "ಒಂದು ಮಾದರಿ ಕೊಡಿ" ಅಂದ. ಮೀನಿನವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಮಾದರಿ ಗೀದರಿ ಪುಕ್ಸಟ್ಟೆ ಕೊಡಲ್ಲ. ಮೀನಿದೆ, ಬೇಕಾದ್ರೆ ತಗೋ" ಅಂದಳು. ಇನ್ನೊಬ್ಬ ಕೈಗೆ ರಬ್ಬರ್ ಗ್ಲೌಸ್ ಹಾಕಿಕೊಂಡೇ ಕುರಿಮಾಂಸದ ಅಂಗಡಿಗೆ ಹೋದ. ಕಟುಕ ಹೆದರಿ ಅರ್ಧ ಬಾಗಿಲು ಎಳೆದ.

ಪರೀಕ್ಷಾಲಯದ ಮುಖ್ಯಸ್ಥೆಯನ್ನು ದೊಡ್ಡ ಮೇಡಂ ಎನ್ನುತ್ತಿದ್ದರು. ಗಿಡ್ಡ ಆಳು, ಆದರೆ ಹೆಸರು ಹಾಗೆ. ಆ ದಿನ ಸಂಜೆ ಅವರು ಓಣಿಯಲ್ಲಿ ನಿಂತಿದ್ದಾಗ ಖರೀದಿ ಅಕ್ಕ, ಆಗಿನ್ನೂ ಬರೀ ಅಕ್ಕ, ಹೆಗಲಿಗೆ ಬಟ್ಟೆ ಚೀಲ ಹಾಕಿಕೊಂಡು, ಸೆರಗಿನಿಂದ ಕುತ್ತಿಗೆ ಒರೆಸುತ್ತಾ ಮನೆಗೆ ಹೊರಟಿದ್ದಳು.

"ನಿಲ್ಲಿ," ಅಂದರು ಮೇಡಂ. "ನಿಮ್ಮನ್ನು ನೋಡಿದ್ರೆ ಯಾರಾದ್ರೂ ಮನೆ ಅಡುಗೆಗೆ ಬಂದವಳು ಅಂತಲೇ ಅಂದ್ಕೋತಾರೆ. ಮಾಂಸ ಕೊಂಡು ತರ್ತೀರಾ?"

"ಎಷ್ಟು ಜನಕ್ಕೆ ಮೇಡಂ?" ಅಂದಳು ಅವಳು.

ಆ ಪ್ರಶ್ನೆಗೇ ಕೆಲಸ ಸಿಕ್ಕಿತು.

ವಾರಕ್ಕೆ ಎರಡು ಬೆಳಿಗ್ಗೆ ಖರೀದಿ. ಮೇಲೆ ತರಕಾರಿ ಚೀಲದಂತೆ ಕಾಣುವ, ಒಳಗೆ ಮಂಜುಗಡ್ಡೆ ತುಂಬಿದ ಪೆಟ್ಟಿಗೆ. ಒಂದು ಮೀನಂಗಡಿ, ಒಂದು ಕುರಿಯ ಅಂಗಡಿ, ಒಂದು ದೊಡ್ಡ ಮಳಿಗೆ, ಒಂದು ಕೋಳಿ ಅಂಗಡಿ. ದೊಡ್ಡ ಮಳಿಗೆ ಸಲೀಸು. ಗಾಜಿನ ಪೆಟ್ಟಿಗೆಯಲ್ಲಿ ಹಾಳೆ ಸುತ್ತಿ ಮಲಗಿಸಿದ ಮಾಂಸ, ಎತ್ತಿಕೊಂಡು ಬಂದರೆ ಯಂತ್ರ ಕೀಂ ಅನ್ನುತ್ತದೆ, ಅಷ್ಟೇ. ಯಾರಿಗೆ, ಎಷ್ಟು ಜನಕ್ಕೆ ಎಂದು ಯಂತ್ರ ಕೇಳುವುದಿಲ್ಲ. ಕೇಳಿದ್ದು ಕೋಳಿ ಅಂಗಡಿ.

ಅದು ಇಕ್ಕಟ್ಟಾದ ಬೀದಿಯಲ್ಲಿ, ದರ್ಜಿಯ ಅಂಗಡಿಗೂ ಬೀಗದ ಕೈ ಮಾಡುವವನ ಅಂಗಡಿಗೂ ನಡುವೆ ಇತ್ತು. ಬಿಳಿ ಹಾಸಿನ ಕಟ್ಟೆ, ನಡುವೆ ತಗ್ಗು ಬಿದ್ದ ಮರದ ದಿಮ್ಮಿ, ಹಿಂದೆ ನೀರಿನ ಪೀಪಾಯಿ, ಅದರ ಹಿಂದೆ ಪಂಜರಗಳು. ಗಂಡ ಹೆಂಡತಿ ಇಬ್ಬರೇ. ಗಂಡ ತೂಗುವುದು, ಸರಕು ತರಿಸುವುದು. ಕೊಚ್ಚುವುದು ಹೆಂಡತಿ. ಅಗಲ ಹೆಗಲಿನ, ಗಟ್ಟಿ ದನಿಯ ಹೆಂಗಸು. ಚಾಕು ಆಡಿಸುತ್ತಲೇ ಬೀದಿಯಲ್ಲಿ ಹೋಗುವವರ ಜೊತೆ ಮಾತಾಡುತ್ತಿದ್ದಳು.

"ಕಾಲು ಬೇರೆ ಚೀಲಕ್ಕೆ ಹಾಕಿ, ಎದೆ ಬೇರೆ, ಲಿವರ್ ಬೇರೆ," ಅಂದಳು ಖರೀದಿ ಅಕ್ಕ ಮೊದಲ ದಿನ. ಪರೀಕ್ಷೆಗೆ ಹಾಗೇ ಬೇಕಿತ್ತು.

"ಎಲ್ಲಾ ಒಂದೇ ಹೊಟ್ಟೆಗೆ ಹೋಗೋದು ತಾನೇ?" ಅಂದಳು ಅಂಗಡಿಯಾಕೆ.

"ಒಂದೇ ಹೊಟ್ಟೆ ಆಗಿದ್ರೆ ಸುಖವಾಗಿತ್ತು. ನಮ್ಮನೇಲಿ ಒಬ್ಬೊಬ್ಬರದು ಒಂದೊಂದು. ದೊಡ್ಡವನು ಕಾಲು ಬಿಟ್ಟು ಬೇರೆ ಮುಟ್ಟಲ್ಲ. ಎರಡನೆಯವನಿಗೆ ಎದೆ ತುಂಡೇ ಆಗಬೇಕು. ನಮ್ಮತ್ತೆಗೆ ಲಿವರ್, ಹಲ್ಲಿಲ್ಲ."

"ಎಷ್ಟು ಮಕ್ಕಳು?"

"ನಾಲ್ಕು."

ಬಾಯಿಗೆ ಬಂದದ್ದು ಬಂತು. ಇದ್ದದ್ದು ಅತ್ತೆ ಒಬ್ಬರೇ.

ಖರೀದಿ ಅಕ್ಕನ ಗಂಡ ಬಸ್ಸು ರಿಪೇರಿಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಮದುವೆಯಾಗಿ ಕೆಲವೇ ವರ್ಷಕ್ಕೆ, ಒಂದು ದಿನ ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಹೊರಟವನು ಬೀದಿಯ ತಿರುವಿನಲ್ಲಿ ಎದೆ ಹಿಡಿದುಕೊಂಡು ಕೂತ, ಮತ್ತೆ ಏಳಲಿಲ್ಲ. ಮಕ್ಕಳಾಗಿರಲಿಲ್ಲ. ನೆಂಟರೆಲ್ಲ ಸೇರಿ, ಸೊಸೆಯನ್ನು ತವರಿಗೆ ಕಳಿಸುವುದು ಒಳ್ಳೆಯದು ಅಂದರು. ಅತ್ತೆ ಹೇಳಿದ್ದು ಒಂದೇ ಮಾತು: "ಅವಳಿಗೆ ಹೋಗೋ ಮನಸ್ಸಿದ್ರೆ ಹೋಗಲಿ. ಹೋಗು ಅನ್ನೋದು ನನ್ನ ಬಾಯಲ್ಲಿ ಬರಲ್ಲ." ಸೊಸೆ ಹೋಗಲಿಲ್ಲ. ಎರಡು ಕೋಣೆಯ ಮನೆಯಲ್ಲಿ ಇಬ್ಬರೂ ಉಳಿದರು. ಉಪ್ಪು ಹೆಚ್ಚಾಯಿತು, ಕಮ್ಮಿಯಾಯಿತು ಎಂದು ದಿನಾ ಜಗಳ. ಒಬ್ಬರಿಗೆ ತಲೆ ನೋವು ಬಂದರೆ ಇನ್ನೊಬ್ಬರಿಗೆ ಊಟ ಸೇರುತ್ತಿರಲಿಲ್ಲ. ಅಂಥ ಸಂಸಾರ.

ಆ ಸಂಜೆ ಸೊಸೆ ನಡೆದದ್ದನ್ನು ಹೇಳಿದಳು. ಬೈಗುಳ ಬೀಳುತ್ತದೆ ಅಂದುಕೊಂಡಿದ್ದಳು.

"ನಾಲ್ಕಾ?" ಅಂದರು ಅತ್ತೆ. "ನಾಲ್ಕೂ ಗಂಡಾ? ಒಂದು ಹೆಣ್ಣಿರಲಿ, ಮನೆಗೆ ಲಕ್ಷಣ."

"ಹೇಳಿ ಆಗೋಯ್ತಲ್ಲ ಅತ್ತೆ."

"ಏನು ಹೇಳಿದೆ? ನಾಲ್ಕು ಮಕ್ಕಳು ಅಂದೆ. ನಾಲ್ಕು ಗಂಡು ಅಂದೆಯಾ?"

"ಇಲ್ಲ."

"ಮತ್ತೆ! ಕೊನೆಯದು ಹೆಣ್ಣು. ಮುಗೀತು."

ಹಾಗೆ ಆ ಮಕ್ಕಳು ಹುಟ್ಟಿದವು. ಅಂಗಡಿಯಾಕೆ ಪ್ರತಿ ಸಲವೂ ಕೇಳುತ್ತಿದ್ದಳು, ಉತ್ತರ ಕೊಡಲೇಬೇಕಿತ್ತು. ದೊಡ್ಡವನು ಮುದ್ರಣಾಲಯಕ್ಕೆ ಸೇರಿದ. ಎರಡನೆಯವನು ಬಡಗಿ, ಮಾತು ಕಮ್ಮಿ, ಕೈ ಚುರುಕು. ಮೂರನೆಯವನು ಓದುತ್ತಿದ್ದಾನೆ ಅಂತ ಹೇಳುವುದು ರೂಢಿ. ಕೊನೆಯ ಹುಡುಗಿ ಮಹಾ ಹಟಮಾರಿ. ಮರೆತರೆ ಎಡವಟ್ಟು. ಮರೆಯದಂತೆ ನೋಡಿಕೊಂಡದ್ದು ಅತ್ತೆ. ಸಂಜೆ ಸೊಪ್ಪು ಬಿಡಿಸುತ್ತಾ ಕೂತು, "ಇವತ್ತು ಏನು ಕೇಳಿದಳು?" ಎಂದು ಶುರು ಮಾಡುತ್ತಿದ್ದರು. "ಮೂರನೆಯವನಿಗೆ ಜ್ವರ ಅಂದಿದ್ದೆಯಲ್ಲ, ಇಳೀತು ಅಂತ ಹೇಳಿದೆಯಾ? ಮಗುವಿಗೆ ಜ್ವರ ಬಂದದ್ದು ಹೇಳಿ, ಬಿಟ್ಟದ್ದು ಹೇಳದೆ ಇದ್ರೆ ಎಂಥಾ ತಾಯಿ ಅಂತಾಳೆ."

ಒಮ್ಮೆ ಅಂಗಡಿಯಾಕೆ ತನ್ನ ತಂಗಿಯ ಮಗಳನ್ನು ದೊಡ್ಡವನಿಗೆ ತಂದುಕೊಳ್ಳಿ ಅಂದುಬಿಟ್ಟಳು. ಸೊಸೆ ಬೆವರಿ ಮನೆಗೆ ಬಂದಳು. ಅತ್ತೆ ನಕ್ಕು ನಕ್ಕು ಸೊಪ್ಪಿನ ಮೊರವನ್ನು ಪಕ್ಕಕ್ಕಿಟ್ಟರು. "ಕೂಸು ಹುಟ್ಟೋ ಮುಂಚೆ ಕುಲಾವಿ ಅಂತಾರೆ. ಇಲ್ಲಿ ಹುಟ್ಟದ ಕೂಸಿಗೆ ಹೆಣ್ಣೇ ಬಂತಲ್ಲೇ!" ಆಮೇಲೆ ಕಣ್ಣು ಒರೆಸಿಕೊಂಡು, ದೊಡ್ಡವನಿಗೆ ಮುದ್ರಣಾಲಯದಲ್ಲೇ ಒಬ್ಬಳು ಇಷ್ಟವಾಗಿದ್ದಾಳೆ ಅಂತ ತೀರ್ಮಾನಿಸಿದರು. "ಹೇಳು, ನಾವು ಏನೂ ಮಾಡೋ ಹಾಗಿಲ್ಲ ಅಂತ. ಈಗಿನ ಕಾಲದ ಹುಡುಗರು."

ಬೀದಿಯಲ್ಲಿ ಅವಳಿಗೆ ದೊಡ್ಡ ಸಂಸಾರದ ಅಮ್ಮ ಎಂದು ಹೆಸರಾಯಿತು. ಅವಳು ಬರುವುದು ಕಂಡರೆ ದರ್ಜಿಯೂ, "ಅಮ್ಮ ಬಂದ್ರು, ದಾರಿ ಬಿಡ್ರಪ್ಪ, ಮನೇಲಿ ಮಕ್ಕಳು ಕಾಯ್ತಿರ್ತಾವೆ" ಎನ್ನುತ್ತಿದ್ದ. ಅಂಗಡಿಯಾಕೆ ಅವಳಿಗೆಂದೇ ಒಳ್ಳೆಯ ತುಂಡು ಎತ್ತಿಡತೊಡಗಿದಾಗ ಮಾತ್ರ ಪೇಚಿಗಿಟ್ಟುಕೊಂಡಿತು. ಆರಿಸಿದ ಮಾಂಸ ಪರೀಕ್ಷೆಗೆ ನಡೆಯುವುದಿಲ್ಲ.

"ಆರಿಸಬೇಡಿ, ಮೇಲಿರೋದನ್ನೇ ಕೊಡಿ," ಅಂದಳು.

"ಎಂಥಾ ಗಿರಾಕಿ ನೀವು! ಬೇರೆಯವರು ಆರಿಸಿಕೊಡಿ ಅಂತ ಜಗಳ ಆಡ್ತಾರೆ."

"ನಮ್ಮತ್ತೆ ಹೇಳ್ತಾರೆ, ಸಿಕ್ಕಿದ್ದು ತಿನ್ನೋದು ಮಕ್ಕಳು ಕಲೀಬೇಕು ಅಂತ."

ಪರೀಕ್ಷಾಲಯದಲ್ಲಿ ಅವಳು ತಂದದ್ದನ್ನು ತೊಳೆದ ನೀರನ್ನು ತಟ್ಟೆಗಳ ಮೇಲೆ ಹಚ್ಚಿ, ಬೆಚ್ಚಗಿಟ್ಟು ಬೆಳೆಸುತ್ತಿದ್ದರು. ಬೆಳೆದ ರೋಗಾಣುವನ್ನು ಮತ್ತೊಂದು ತಟ್ಟೆಗೆ ಬಳಿದು, ಮೇಲೆ ಒಂದೊಂದು ಮದ್ದು ಹೀರಿಸಿದ ಪುಟ್ಟ ಬಿಳಿ ಬಿಲ್ಲೆಗಳನ್ನು ಇಡುವುದು. ಮದ್ದು ಕೆಲಸ ಮಾಡಿದರೆ ಬಿಲ್ಲೆಯ ಸುತ್ತ ತಿಳಿಯಾದ ಒಂದು ವೃತ್ತ ಉಳಿಯುತ್ತದೆ. ಮಾಡದಿದ್ದರೆ ರೋಗಾಣು ಬಿಲ್ಲೆಯ ಅಂಚಿನವರೆಗೂ ಬೆಳೆದು ನಿಲ್ಲುತ್ತದೆ. ಓದಲು ಅಂಥ ವಿದ್ಯೆ ಏನೂ ಬೇಡ, ಕಣ್ಣಿದ್ದರೆ ಸಾಕು. ಕೋಳಿ ಅಂಗಡಿಯ ತಟ್ಟೆಗಳಲ್ಲಿ ವೃತ್ತಗಳು ಕಮ್ಮಿ ಇದ್ದವು. ದೊಡ್ಡ ಮಳಿಗೆಯದರಲ್ಲೂ ಕಮ್ಮಿಯೇ. ಸೀಗಡಿಯಲ್ಲಿ ಒಂದು ವಾರ ಇದ್ದರೆ ಒಂದು ವಾರ ಇಲ್ಲ. ಅವಳು ತಟ್ಟೆ ನೋಡುತ್ತಿದ್ದಳು, ಮನೆಗೆ ಹೋಗುತ್ತಿದ್ದಳು, ಅರ್ಧ ಕಿಲೋ ಕೋಳಿ ಕೊಂಡು ಚೆನ್ನಾಗಿ ಬೇಯಿಸಿ ಅತ್ತೆಗೂ ಬಡಿಸಿ ತಾನೂ ತಿನ್ನುತ್ತಿದ್ದಳು. ಆ ಅರ್ಧ ಕಿಲೋ ಮಾತ್ರ ಬೇರೆ ಬೀದಿಯದು.

ಒಂದು ಬೆಳಿಗ್ಗೆ ಹೋದಾಗ ಅಂಗಡಿಯಾಕೆಯ ಎಡಗೈ ತೋರುಬೆರಳಿಗೆ ಬಟ್ಟೆ ಸುತ್ತಿತ್ತು. ಮೇಲೊಂದು ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಕೊಚ್ಚುತ್ತಿದ್ದಳು.

"ಏನಾಯ್ತು?"

"ಚಾಕು. ಕೋಳಿ ಬಿಟ್ಟು ನನ್ನನ್ನೇ ಕೊಚ್ಚಿಕೊಂಡೆ."

ಮುಂದಿನ ವಾರವೂ ಬಟ್ಟೆ ಇತ್ತು. ಅದರ ಮುಂದಿನ ವಾರ ಬೆರಳು ಊದಿ ಮೂಲಂಗಿಯಂತಾಗಿತ್ತು, ಬಟ್ಟೆಯಲ್ಲಿ ಹಳದಿ ಕಲೆ. ಔಷಧದ ಅಂಗಡಿಯವನು ಮೊದಲು ಒಂದು ಮಾತ್ರೆ ಕೊಟ್ಟಿದ್ದ, ಆಮೇಲೆ ಇನ್ನೂ ಜೋರಿನದು, ಈಗ ಅದಕ್ಕಿಂತ ಜೋರಿನದು. "ಮಾತ್ರೆ ನುಂಗಿ ನುಂಗಿ ನಾಲಿಗೆ ಸತ್ತೋಯ್ತು, ಬೆರಳು ಮಾತ್ರ ಹಾಗೇ ಇದೆ," ಅಂದಳು. ಗಂಡ ತಕ್ಕಡಿಯಿಂದ ತಲೆ ಎತ್ತದೆ, "ಸ್ವಲ್ಪ ದಿನ ರಜಾ ತಗೋ ಅಂದ್ರೆ ಕೇಳಲ್ಲ" ಅಂದ.

ಖರೀದಿ ಅಕ್ಕ ಚೀಲಗಳನ್ನು ಮಂಜುಗಡ್ಡೆಯ ಮೇಲಿಟ್ಟುಕೊಂಡು ಬಂದಳು. ಅವನ್ನು ಒಪ್ಪಿಸಿ ನೇರ ಮೇಡಂ ಕೋಣೆಗೆ ಹೋಗಿ ಬೆರಳಿನ ವಿಷಯ ಹೇಳಿದಳು.

"ಆ ಬೆರಳಲ್ಲಿರೋದೂ ನಮ್ಮ ತಟ್ಟೆಯಲ್ಲಿರೋದೂ ಒಂದೇನಾ ಮೇಡಂ?"

"ಗೊತ್ತಿಲ್ಲ. ಇರಬಹುದು, ಇಲ್ಲದೇ ಇರಬಹುದು. ನೋಡದೆ ಹೇಳೋಕಾಗಲ್ಲ."

"ಮತ್ತೆ ನಾನೇನು ಮಾಡ್ಲಿ?"

ಮೇಡಂ ಕನ್ನಡಕ ತೆಗೆದಿಟ್ಟರು. "ಸಮೀಕ್ಷೆ ಮಾತು ಎತ್ತಬೇಡಿ. ಆದರೆ ದೊಡ್ಡಾಸ್ಪತ್ರೆಗೆ ಹೋಗಿ, ಕೀವು ಪರೀಕ್ಷೆ ಮಾಡಿಸಿ, ಆಮೇಲೆ ಮಾತ್ರೆ ತಗೊಳ್ಳಿ ಅಂತ ಯಾರು ಬೇಕಾದ್ರೂ ಹೇಳಬಹುದು. ಇವತ್ತೇ ಹೇಳಿ. ಊದಿದ್ದು ಮೇಲೆ ಏರಿದ್ರೆ ಕಷ್ಟ."

ಅವಳು ಮಧ್ಯಾಹ್ನ ಮತ್ತೆ ಆ ಬೀದಿಗೆ ಹೋದಳು. ಅಂಗಡಿಯಾಕೆ ಕಟ್ಟೆ ತೊಳೆಯುತ್ತಿದ್ದಳು. ಆಸ್ಪತ್ರೆಯ ಮಾತಿಗೆ ನಕ್ಕುಬಿಟ್ಟಳು. "ಬೆರಳು ಕುಯ್ದುಕೊಂಡದ್ದಕ್ಕೆಲ್ಲ ದೊಡ್ಡಾಸ್ಪತ್ರೆಗೆ ಹೋದ್ರೆ ನಾನು ಅಲ್ಲೇ ಮನೆ ಮಾಡಬೇಕು. ಹೋಗಮ್ಮ, ಮಕ್ಕಳು ಕಾಯ್ತಿರ್ತಾರೆ."

ಹೇಳಿದ್ದೇ ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಖರೀದಿ ಅಕ್ಕ ಹೊರಟವಳು ಎರಡು ಹೆಜ್ಜೆ ಇಟ್ಟು ತಿರುಗಿದಳು.

"ನಮ್ಮ ಎರಡನೆಯವನಿಗೂ ಹೀಗೇ ಆಗಿತ್ತು."

ಅಂಗಡಿಯಾಕೆ ಪೊರಕೆ ನಿಲ್ಲಿಸಿದಳು. "ಯಾರಿಗೆ, ಬಡಗಿಗಾ? ಹೇಳಲೇ ಇಲ್ಲ!"

"ಹೇಳೋ ಮನಸ್ಸಿರಲಿಲ್ಲ. ಉಳಿ ತಾಗಿತ್ತು. ಅವನೂ ನಿಮ್ಮ ಹಾಗೇ ಮಾತ್ರೆ ಮೇಲೆ ಮಾತ್ರೆ ನುಂಗಿದ. ಬೆರಳು ಊದಿ ಅಂಗೈಗೆ ಬಂತು, ಮೈಯೆಲ್ಲ ಬೆಂಕಿ. ಆಸ್ಪತ್ರೇಲಿ ಕೀವು ಪರೀಕ್ಷೆ ಮಾಡಿದ್ರು. ಅವನು ನುಂಗಿದ ಒಂದು ಮಾತ್ರೆಯೂ ಆ ರೋಗಾಣುಗೆ ತಾಗಲ್ವಂತೆ. ಬೇರೆ ಮದ್ದು ಕೊಟ್ಟ ಮೇಲೆ ಇಳೀತು. ಇನ್ನೊಂದು ದಿನ ತಡ ಮಾಡಿದ್ರೆ ಕೈಯೇ ತೆಗೀಬೇಕಿತ್ತು ಅಂದ್ರು ಡಾಕ್ಟರು. ಬಡಗಿಗೆ ಕೈ ಇಲ್ಲದಿದ್ರೆ ಏನಿದೆ ಹೇಳಿ."

ಅಂಗಡಿಯಾಕೆ ತನ್ನ ಕೈಯನ್ನೇ ನೋಡಿಕೊಂಡಳು. ಗಂಡನನ್ನು ಕೂಗಿದಳು. ಅವನು ಬಾಗಿಲು ಎಳೆದು ಬೀಗ ಹಾಕಿದ.

ಆ ಸಂಜೆ ಅತ್ತೆ ಎಂದಿನಂತೆ, "ಏನು ಕೇಳಿದಳು?" ಅಂದರು. ಸೊಸೆ ಎಲ್ಲ ಹೇಳಿದಳು. ಅತ್ತೆಯ ಕೈ ಸೊಪ್ಪಿನ ಮೇಲೆ ನಿಂತಿತು.

"ಅವನ ಮೇಲೆ ಯಾಕೆ ಹಾಕಿದೆ?"

"ಇನ್ಯಾರ ಮೇಲೆ ಹಾಕ್ಲಿ ಅತ್ತೆ? ನಂಬಬೇಕಲ್ಲ."

"ಆ ಮಗು ಮೇಲೆ ಕೆಟ್ಟದ್ದು ನುಡೀಬಾರದಿತ್ತು," ಅಂದರು ಅತ್ತೆ. ಮುಖ ಆ ಕಡೆ ತಿರುಗಿಸಿಕೊಂಡರು. ಸೊಸೆ ತಟ್ಟೆ ಹಾಕಿ, "ವಾಸಿ ಆಯ್ತು ಅಂತಾನೂ ಹೇಳಿದ್ದೀನಿ ಅತ್ತೆ" ಅಂದ ಮೇಲೆ ತುತ್ತು ಎತ್ತಿದರು.

ಆಸ್ಪತ್ರೆಯಲ್ಲಿ ಅಂಗಡಿಯಾಕೆಯನ್ನು ಅವತ್ತೇ ಮಲಗಿಸಿಕೊಂಡರು. ಕೀವಿನ ಪರೀಕ್ಷೆಯಲ್ಲಿ ಬಂದದ್ದು ಹೆಚ್ಚುಕಮ್ಮಿ ಆ ಸುಳ್ಳಿನಲ್ಲಿದ್ದದ್ದೇ. ನುಂಗಿದ್ದ ಮೂರೂ ಮಾತ್ರೆ ನೀರಿನ ಸಮ. ಸೂಜಿಯ ಮೂಲಕ ಬೇರೆ ಮದ್ದು ಕೊಟ್ಟರು. ಉಗುರಿನ ಭಾಗ ಸತ್ತಿತ್ತು, ಮೊದಲ ಗೆಣ್ಣಿನವರೆಗೆ ಕತ್ತರಿಸಿ ತೆಗೆದರು. ಉಳಿದ ಬೆರಳು ಉಳಿಯಿತು, ಕೈ ಉಳಿಯಿತು. ಅಂಗಡಿ ಒಂದು ತಿಂಗಳು ಮುಚ್ಚಿತ್ತು. ಖರೀದಿ ಅಕ್ಕ ಆ ನಂಬರಿನ ಜಾಗ ಖಾಲಿ ಬಿಟ್ಟು ಬೇರೆ ಅಂಗಡಿಗಳದ್ದನ್ನಷ್ಟೇ ತಂದಳು.

ಒಂದು ರಜೆಯ ದಿನ ಬಾಗಿಲು ಬಡಿದ ಸದ್ದಾಯಿತು. ಅತ್ತೆ ತೆರೆದರು. ಹೊರಗೆ ಅಂಗಡಿಯ ಗಂಡ ಹೆಂಡತಿ, ಇಬ್ಬರೂ ಒಗೆದ ಬಟ್ಟೆ ಉಟ್ಟು, ಗಂಡನ ಕೈಯಲ್ಲಿ ದೊಡ್ಡ ಚೀಲ. ದರ್ಜಿಯ ಹೆಂಡತಿಯ ಅಕ್ಕ ಮುಂದಿನ ಬೀದಿಯಲ್ಲಿದ್ದಳು, ಒಳಗಿನ ಸಂಸಾರ ಗೊತ್ತಿಲ್ಲದಿದ್ದರೂ ಮನೆ ತೋರಿಸಿದ್ದಳು.

"ನೀವೇ ಅತ್ತೆ ಅಲ್ವಾ!" ಅಂದಳು ಅಂಗಡಿಯಾಕೆ. "ನಿಮಗೆ ಲಿವರ್ ಬೇರೆ ಕಟ್ಟಿ ತಂದಿದ್ದೀನಿ. ಎಲ್ಲಿ ನಿಮ್ಮ ಎರಡನೆಯ ಮೊಮ್ಮಗ? ಅವನ ಮುಖ ನೋಡಿ ಹೋಗೋಣ ಅಂತ ಬಂದೆ. ಅವನ ಕಥೆ ಕೇಳದೇ ಇದ್ದಿದ್ರೆ ನನ್ನ ಕೈ ಇರ್ತಿರಲಿಲ್ಲ."

ಅತ್ತೆಗೆ ಜೀವಮಾನದಲ್ಲಿ ಮಾತಿಗೆ ಬರ ಬಂದದ್ದಿಲ್ಲ. "ಕೆಲಸಕ್ಕೆ ಹೋಗಿದ್ದಾನೆ," ಅಂದರು.

"ರಜೆ ದಿನ?"

"ಅರ್ಜೆಂಟು ಬಾಗಿಲಂತೆ. ಯಾರದೋ ಮನೆ ಬಾಗಿಲು."

"ದೊಡ್ಡವನು?"

"ಅವನೂ."

"ಹುಡುಗಿ?"

ಅತ್ತೆ ಬಾಗಿಲಿಗೆ ಅಡ್ಡ ಬಂದರು. ಅಷ್ಟರಲ್ಲಿ ಅಂಗಡಿಯಾಕೆ ಒಳಗೆ ಕಾಲಿಟ್ಟಾಗಿತ್ತು. ಬಾಗಿಲ ಬಳಿ ಎರಡು ಜೊತೆ ಚಪ್ಪಲಿ, ಎರಡೂ ಹೆಂಗಸರದ್ದು. ತೊಳೆದು ಬೋರಲು ಹಾಕಿದ ಎರಡು ತಟ್ಟೆ, ಎರಡು ಲೋಟ. ಗೋಡೆಗೆ ಒಬ್ಬ ಗಂಡಸಿನ ಫೋಟೋ. ಹಿತ್ತಲಿನಿಂದ ಒದ್ದೆ ಬಟ್ಟೆಯ ಬಕೆಟ್ಟು ಹಿಡಿದು ಬಂದ ಖರೀದಿ ಅಕ್ಕ ಅವರನ್ನು ಕಂಡು ಬಕೆಟ್ಟನ್ನು ನಿಧಾನವಾಗಿ ಕೆಳಗಿಟ್ಟಳು.

"ಯಾರೂ ಇಲ್ಲ," ಅಂದಳು. "ಇರೋದು ನಾವಿಬ್ಬರೇ."

ಎಲ್ಲವನ್ನೂ ನಿಂತಲ್ಲೇ ಹೇಳಿದಳು. ಪರೀಕ್ಷಾಲಯ, ಸಮೀಕ್ಷೆ, ಮಂಜುಗಡ್ಡೆಯ ಪೆಟ್ಟಿಗೆ, ಬೇರೆ ಬೇರೆ ಚೀಲ ಯಾಕೆ ಎಂಬುದು. ಹೇಳುವಾಗ ಕಣ್ಣು ಕೆಳಗೆ ಹಾಕಲಿಲ್ಲ, ದನಿ ಏರಿಸಲಿಲ್ಲ.

ಗಂಡನ ಮುಖ ಕೆಂಪಾಯಿತು. "ಅಂದ್ರೆ ಇಷ್ಟು ವರ್ಷ ನಮ್ಮ ಅಂಗಡಿ ಮೇಲೆ ಕಣ್ಣಿಟ್ಟಿದ್ರಿ. ಮನೆಯವರ ಹಾಗೆ ಮಾತಾಡಿಸಿದ್ವಲ್ಲ, ನಮಗೆ ಬುದ್ಧಿ ಇಲ್ಲ." ಚೀಲ ಎತ್ತಿಕೊಂಡು ಮೆಟ್ಟಿಲಿಳಿದು ಹೋದ. ಹೆಂಡತಿ ಹೋಗಲಿಲ್ಲ. ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತಳು. ಗಿಡ್ಡವಾದ ಬೆರಳನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡಿದ್ದಳು.

"ಮೂರನೆಯವನು ಓದಲ್ಲ ಅಂತ ನಾನು ಮನೇಲಿ ಎಷ್ಟು ಬೈದಿದ್ದೀನಿ," ಅಂದಳು ಕೊನೆಗೆ.

"ನಾನೂ ಬೈದಿದ್ದೀನಿ," ಅಂದರು ಅತ್ತೆ.

ಯಾರೂ ನಗಲಿಲ್ಲ. ಅಂಗಡಿಯಾಕೆ ಕೇಳಿದಳು: "ನಮ್ಮ ಕೋಳೀಲಿ ಆ ರೋಗಾಣು ಇತ್ತಾ?"

ಹೇಳಬಾರದು ಎಂಬುದು ನಿಯಮ. ಖರೀದಿ ಅಕ್ಕನಿಗೆ ಅದು ಗೊತ್ತಿತ್ತು. "ಮದ್ದಿಗೆ ಜಗ್ಗದ್ದು ಇತ್ತು," ಅಂದಳು. "ನಿಮ್ಮದರಲ್ಲಿ ಮಾತ್ರ ಅಲ್ಲ, ದೊಡ್ಡ ಮಳಿಗೆಯ ಗಾಜಿನ ಪೆಟ್ಟಿಗೇಲೂ ಇದೆ. ಬೆರಳಲ್ಲಿದ್ದದ್ದು ಅದೇನಾ ಅಂತ ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ."

"ನಾವು ಕೋಳಿಗೆ ಏನೂ ಹಾಕಲ್ಲ. ಬಂದದ್ದನ್ನ ಕೊಚ್ಚಿ ಮಾರ್ತೀವಿ."

"ಗೊತ್ತು."

ಅತ್ತೆ ಚಹಾ ತಂದರು. ಎರಡೇ ಲೋಟ ಇದ್ದದ್ದರಿಂದ ತಾವು ಬಟ್ಟಲಲ್ಲಿ ಕುಡಿದರು.

ಮರುದಿನ ಖರೀದಿ ಅಕ್ಕ ತಾನೇ ಹೋಗಿ ಮೇಡಂಗೆ ವಿಷಯ ತಿಳಿಸಿದಳು. "ಆಸ್ಪತ್ರೆಗೆ ಕಳಿಸಿದ್ದು ಸರಿ. ಉಳಿದದ್ದು ಸರಿಯಲ್ಲ," ಅಂದರು ಮೇಡಂ. ಕೋಳಿ ಅಂಗಡಿಯನ್ನು ಸಮೀಕ್ಷೆಯಿಂದ ತೆಗೆದರು. ಅವಳನ್ನು ಮತ್ತೆ ಗಾಜು ತೊಳೆಯುವ ಕೋಣೆಗೆ ಹಾಕಿದರು. ಖರೀದಿಗೆ ನಿವೃತ್ತನಾದ ಒಬ್ಬ ವ್ಯಾನಿನ ಡ್ರೈವರ್ ಬಂದ. ಅವನಿಗೆ ಯಾರೇ ಏನೇ ಕೇಳಿದರೂ ಕೆಮ್ಮುವ ಅಭ್ಯಾಸ. ಆ ಕೆಲಸಕ್ಕೆ ಒಳ್ಳೆಯ ಗುಣವೇ. ಖರೀದಿ ಅಕ್ಕ ಯಾರನ್ನೂ ದೂರಲಿಲ್ಲ. ಬಾಟಲಿ ನೆನೆಸಿದಳು, ಉಜ್ಜಿದಳು, ಒಣಗಿಸಿದಳು.

ಮನೆಯಲ್ಲಿ ಸಂಜೆಗಳು ಸುಮ್ಮನಾದವು. ಅತ್ತೆಗೆ ಕೇಳಲು ಏನೂ ಉಳಿದಿರಲಿಲ್ಲ. ಒಂದೆರಡು ಸಲ ಬಾಯಿ ತಪ್ಪಿ, "ಈ ಚಳಿಗೆ ಆ ಹುಡುಗಿ..." ಎಂದು ಶುರು ಮಾಡಿ ನಿಲ್ಲಿಸಿದರು. ಆದರೆ ಅಂಗಡಿಯಾಕೆ ಬರತೊಡಗಿದಳು. ಅಂಗಡಿಗೆ ವಾರದ ರಜೆ ಇದ್ದ ಮಧ್ಯಾಹ್ನ ಬಂದು, ಅತ್ತೆಯ ಪಕ್ಕದಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ದೂರದ ಊರಿಗೆ ಮದುವೆಯಾಗಿ ಹೋದ ತನ್ನ ಮಗಳ ಸುದ್ದಿ ಹೇಳುತ್ತಿದ್ದಳು. ಅಂಗಡಿಯಾಕೆಯ ಗಂಡ ಮಾತ್ರ ಈ ಮನೆಯ ಕಡೆ ತಲೆ ಹಾಕಲಿಲ್ಲ. ಖರೀದಿ ಅಕ್ಕ ಅಂಗಡಿಯ ಮುಂದೆ ಹಾದುಹೋದರೆ ತಲೆ ತಗ್ಗಿಸಿ ತಕ್ಕಡಿ ಒರೆಸುತ್ತಿದ್ದ.

ಆದರೂ ಅವನು ಸುಮ್ಮನೆ ಕೂತಿರಲಿಲ್ಲ. ಕೋಳಿ ತರುವವನನ್ನು ಹಿಡಿದು, ಮೇವಿಗೆ ಏನು ಹಾಕ್ತೀರಿ ಎಂದು ಕೇಳಿದನಂತೆ. "ಇಷ್ಟು ವರ್ಷ ಕೇಳದವನು ಈಗೇನು?" ಎಂದನಂತೆ ಆತ. ಮೂರು ಸಲ ಕೇಳಿ ಮೂರು ಬೇರೆ ಉತ್ತರ ಬಂದ ಮೇಲೆ ಅವನನ್ನು ಬಿಟ್ಟು, ಮದ್ದು ಬೆರೆಸುವುದಿಲ್ಲ ಎಂದು ಹೇಳಿಕೊಳ್ಳುವ ಇನ್ನೊಬ್ಬ ಸಾಕಣೆಗಾರನನ್ನು ಹುಡುಕಿದ. ಸವೆದ ದಿಮ್ಮಿ ಎಸೆದು ಹೊಸದು ತಂದ. ಹೆಂಡತಿಗೆ ಚಾಕು ತೂರದ ಗ್ಲೌಸ್ ತಂದುಕೊಟ್ಟ. ಇದೆಲ್ಲ ಅವಳು ಸೊಪ್ಪು ಬಿಡಿಸುತ್ತಾ ಹೇಳಿದ ಸುದ್ದಿ.

ಮಳೆಗಾಲ ಮುಗಿಯುವ ಹೊತ್ತಿಗೆ ಅವನೇ ಪರೀಕ್ಷಾಲಯದ ಮುಂದಿನ ಬಾಗಿಲಿಗೆ ಬಂದ. ಕೈಯಲ್ಲಿ ಡಬ್ಬ, ಡಬ್ಬದಲ್ಲಿ ಮಂಜುಗಡ್ಡೆ, ಮಂಜುಗಡ್ಡೆಯ ಮೇಲೆ ಕಾಲು ಬೇರೆ, ಎದೆ ಬೇರೆ, ಲಿವರ್ ಬೇರೆ. ಕಾವಲುಗಾರ ತಡೆದ. ಗಲಾಟೆ ಕೇಳಿ ಮೇಡಂ ಬಂದರು, ಹಿಂದೆ ಕೈ ಒರೆಸಿಕೊಳ್ಳುತ್ತಾ ಖರೀದಿ ಅಕ್ಕ.

"ನಿಮ್ಮ ಅಕ್ಕ ಅವತ್ತು ನನ್ನ ಹೆಂಡತಿಗೆ ಇದೆ ಅಂದ್ರಲ್ಲ," ಅಂದ ಅವನು. "ಈಗ ಬೇರೆ ಕಡೆಯಿಂದ ತರಿಸ್ತಿದ್ದೀನಿ. ಇದೆಯಾ ಇಲ್ವಾ ಹೇಳಿ."

"ಒಂದು ಕೋಳಿ ನೋಡಿ ಹೇಳೋಕಾಗಲ್ಲ," ಅಂದರು ಮೇಡಂ.

"ಎಷ್ಟು ಬೇಕು ಹೇಳಿ, ತರ್ತೀನಿ. ಗುಟ್ಟೇನಿಲ್ಲ ಈಗ."

ಮೇಡಂ ಯೋಚಿಸಿದರು. ಹೊಸಬರಿಗೆ ಕಲಿಸಲು ಹೇಗೂ ಮಾಂಸ ಬೇಕಿತ್ತು. ಸಮೀಕ್ಷೆಗೆ ಸೇರಿಸದೆ, ಕಲಿಕೆಯ ಲೆಕ್ಕದಲ್ಲಿ ತೆಗೆದುಕೊಳ್ಳಲು ಒಪ್ಪಿದರು. ಆದರೆ ಅವನು ತಂದದ್ದು ಬೇಡ, ಖರೀದಿ ಅಕ್ಕ ಅಂಗಡಿಗೆ ಹೋಗಿ ಮೇಲಿರುವುದನ್ನೇ ತರಬೇಕು ಅಂದರು. ಹಾಗೆ ಅವಳು ಮತ್ತೆ ಪೆಟ್ಟಿಗೆ ಹಿಡಿದಳು. ಹಲವು ವಾರ ಹೋಗಿ ತಂದಳು. ಅವನು ತೂಗಿ ಕೊಟ್ಟ, ಅವಳು ತೆಗೆದುಕೊಂಡಳು. ಮಾತು ಹೆಚ್ಚಿರಲಿಲ್ಲ.

ಎಲ್ಲ ಮುಗಿದ ದಿನ ಅವನು ಬಂದು ಓಣಿಯ ಬೆಂಚಿನ ಮೇಲೆ ಕೂತ. ಮೇಡಂ ಬೇರೆ ಕಡೆ ಹೋಗಿದ್ದರು, ಹೇಳಲು ಅವಳಿಗೇ ಬಿಟ್ಟಿದ್ದರು.

"ಇದೆ," ಅಂದಳು ಖರೀದಿ ಅಕ್ಕ. "ಮೊದಲಿನಷ್ಟಿಲ್ಲ. ಅರ್ಧಕ್ಕಿಂತ ಕೆಳಗೆ ಇಳಿದಿದೆ. ಆದರೆ ಇಲ್ಲ ಅನ್ನೋ ಹಾಗಿಲ್ಲ."

"ಅವನು ಬೆರೆಸಲ್ಲ ಅಂತಾನಲ್ಲ."

"ಬೆರೆಸದೇ ಇರಬಹುದು. ಒಮ್ಮೆ ಬಂದದ್ದು ನೆಲದಲ್ಲಿ, ನೀರಲ್ಲಿ ಉಳ್ಕೊಳ್ಳುತ್ತೆ ಅಂತಾರೆ ಮೇಡಂ. ಹೋಗೋಕೆ ಟೈಮ್ ಬೇಕು."

"ಹಾಗಾದ್ರೆ ನಾನು ಮಾಡಿದ್ದೆಲ್ಲ ಸುಮ್ನೆ?"

"ಅರ್ಧಕ್ಕಿಂತ ಕೆಳಗೆ ಇಳಿದಿದೆ ಅಂದೆನಲ್ಲ ಅಣ್ಣ. ಅದು ಸುಮ್ನೆ ಹೇಗಾಗುತ್ತೆ?"

ಅವನು ಮಂಡಿಯ ಮೇಲೆ ಕೈಯೂರಿ ಕೂತಿದ್ದ. ಒಳಗೆ ಯಾರೋ ತಟ್ಟೆಗಳನ್ನು ಬುಟ್ಟಿಗೆ ಜೋಡಿಸುತ್ತಿದ್ದ ಸದ್ದು ಕೇಳುತ್ತಿತ್ತು. "ತೋರಿಸ್ತೀರಾ?" ಅಂದ. ಅವಳು ಒಳಗೆ ಹೋಗಿ ಮುಚ್ಚಳ ಬಿಗಿದ ಒಂದು ತಟ್ಟೆ ತಂದು, ಅವನ ಕೈಗೆ ಕೊಡದೆ, ಕಿಟಕಿಯ ಬೆಳಕಿಗೆ ಹಿಡಿದಳು. ಆರು ಬಿಲ್ಲೆ. ನಾಲ್ಕರ ಸುತ್ತ ತಿಳಿ ವೃತ್ತ, ಎರಡರ ಸುತ್ತ ಏನೂ ಇಲ್ಲ. ಅವನು ಬಗ್ಗಿ ಬಹಳ ಹೊತ್ತು ನೋಡಿದ, ಬೆರಳಿಂದ ಗಾಳಿಯಲ್ಲೇ ಎಣಿಸಿದ. ಆಮೇಲೆ ಎದ್ದು, ಗಿರಾಕಿಗಳು ಬರುವ ಹೊತ್ತಾಯಿತು ಎಂದು ಹೇಳಿ ಹೊರಟ. ಅವಳು ತಟ್ಟೆಯನ್ನು ಒಳಗೆ ಕೊಂಡುಹೋಗಿ, ಕುದಿಸಿ ಎಸೆಯುವ ಬುಟ್ಟಿಗೆ ಹಾಕಿದಳು.